ಲೆಕ್ಕಕ್ಕುಂಟು, ಪಾಳಿಗಿಲ್ಲ: ತುರ್ತು ವಿಭಾಗದಲ್ಲಿ ಹಿರಿಯ ವೈದ್ಯರು ಸಾಕಷ್ಟಿದ್ದಾರೆಯೇ?

"ನಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿ 10 ಮಂದಿ ಹಿರಿಯ ವೈದ್ಯರಿದ್ದಾರೆ" ಎಂದು ಆಸ್ಪತ್ರೆಯ ಆಡಳಿತ ಹೇಳಿದರೆ ಕೇಳಿದವರಿಗೆ ನಿರಾಳವಾಗುತ್ತದೆ. ಹತ್ತು ಎಂಬುದು ಸಣ್ಣ ಸಂಖ್ಯೆಯೇನಲ್ಲವಲ್ಲ ಎಂದುಕೊಂಡು ಪ್ರಶ್ನೆ ಕೇಳಿದವರು ಅಲ್ಲಿಗೇ ಸುಮ್ಮನಾಗುತ್ತಾರೆ. ಆದರೆ ಆ ಹತ್ತು ಮಂದಿ ಇರುವುದು ಸಂಬಳದ ಪಟ್ಟಿಯಲ್ಲಿ. ರೋಗಿ ಬರುವುದು ವಿಭಾಗದ ಬಾಗಿಲಿಗೆ, ಅದೂ ಭಾನುವಾರ ರಾತ್ರಿ ಎರಡು ಗಂಟೆಗೆ, ಎದೆ ಹಿಡಿದುಕೊಂಡು. ಆ ಹೊತ್ತಿನಲ್ಲಿ ಹತ್ತರಲ್ಲಿ ಎಷ್ಟು ಮಂದಿ ಒಳಗಿರುತ್ತಾರೆ? ಒಬ್ಬರೇ? ಅಥವಾ "ಫೋನ್ ಮಾಡಿದರೆ ಬರುತ್ತಾರೆ" ಎಂಬ ಭರವಸೆ ಮಾತ್ರವೇ?

ಮಕ್ಕಳ ಆಟದಲ್ಲಿ ತೀರಾ ಚಿಕ್ಕವರನ್ನು ಸಮಾಧಾನಕ್ಕೆಂದು ಸೇರಿಸಿಕೊಂಡು "ಲೆಕ್ಕಕ್ಕುಂಟು, ಆಟಕ್ಕಿಲ್ಲ" ಎನ್ನುವುದುಂಟು. ತುರ್ತು ವಿಭಾಗಗಳ ಸಿಬ್ಬಂದಿ ಪಟ್ಟಿ ನೋಡುವಾಗಲೆಲ್ಲ ನನಗೆ ನೆನಪಾಗುವುದು ಈ ಮಾತೇ. ಎಷ್ಟು ಮಂದಿ ಇದ್ದಾರೆ ಎಂಬುದು ಅರ್ಧ ಪ್ರಶ್ನೆ. ಯಾವ ಗಂಟೆಯಲ್ಲಿ, ಯಾವ ರೋಗಿಯ ಹತ್ತಿರ, ಎಷ್ಟು ಬಿಡುವಿನಿಂದ ಇದ್ದಾರೆ ಎಂಬುದು ಉಳಿದರ್ಧ. ಆಡಳಿತಗಳು ಸಾಮಾನ್ಯವಾಗಿ ಉತ್ತರಿಸುವುದು ಮೊದಲರ್ಧಕ್ಕೆ ಮಾತ್ರ.

ಒಂದು ಕುರ್ಚಿಗೆ ಎಷ್ಟು ಜನ?

ವಿಭಾಗದಲ್ಲಿ ಒಂದು ಕುರ್ಚಿ ಇದೆ ಎಂದಿಟ್ಟುಕೊಳ್ಳಿ. ಹಗಲಿರುಳು, ವಾರದ ಏಳೂ ದಿನ ಅದರಲ್ಲಿ ಒಬ್ಬ ಹಿರಿಯ ವೈದ್ಯರು ಇರಲೇಬೇಕು. (ಕುರ್ಚಿ ಎಂಬುದು ಲೆಕ್ಕಕ್ಕೆ ಮಾತ್ರ. ಜನ ತುಂಬಿದ ತುರ್ತು ವಿಭಾಗದಲ್ಲಿ ಕುರ್ಚಿಗೆ ಬೆನ್ನು ತಾಗಿಸುವ ಭಾಗ್ಯ ಯಾರಿಗೂ ಇರುವುದಿಲ್ಲ.) ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 40 ಗಂಟೆ ದುಡಿದರೆ 168ನ್ನು 40ರಿಂದ ಭಾಗಿಸಿ 4.2 ಜನ ಸಾಕು ಎನ್ನಿಸುತ್ತದೆ. ಮೊದಲ ಎಡವಟ್ಟು ಆಗುವುದು ಇಲ್ಲೇ. ವರ್ಷದ 52 ವಾರವೂ ಯಾರೂ ಕೆಲಸ ಮಾಡುವುದಿಲ್ಲ. ವಾರ್ಷಿಕ ರಜೆ, ಕಾಯಿಲೆ, ತರಬೇತಿ ಎಲ್ಲ ಸೇರಿ ಏಳು ವಾರ ಹೋಯಿತು ಎನ್ನಿ. ಉಳಿಯುವುದು 45 ವಾರ. ಈಗ ಲೆಕ್ಕ 4.9ರ ಹತ್ತಿರ ಬರುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಹಿರಿಯ ವೈದ್ಯರೆಂದರೆ ರೋಗಿಗಳನ್ನು ನೋಡುವುದಷ್ಟೇ ಕೆಲಸವಲ್ಲ. ಕಿರಿಯರಿಗೆ ಪಾಠ, ಸಾವುಗಳ ಪರಾಮರ್ಶೆ, ದೂರುಗಳಿಗೆ ಉತ್ತರ, ಪೊಲೀಸ್ ಮತ್ತು ನ್ಯಾಯಾಲಯದ ಕಾಗದಪತ್ರ, ಪಾಳಿಪಟ್ಟಿ ಹೆಣೆಯುವ ತಲೆನೋವು ಎಲ್ಲವೂ ಅವರದೇ. 40ರಲ್ಲಿ 10 ಗಂಟೆ ಇದಕ್ಕೆ ಹೋದರೆ ರೋಗಿಗಳ ಪಾಲಿಗೆ ಉಳಿಯುವುದು 30. ಹೀಗೆ ಲೆಕ್ಕ ಹಾಕಿದರೆ ಒಂದೇ ಒಂದು ಕುರ್ಚಿಯನ್ನು ಸದಾ ತುಂಬಿಡಲು ಆರೂವರೆ ಮಂದಿ ಬೇಕು.

ಹತ್ತು ಮಂದಿ ಎಂದರೆ ಒಂದೂವರೆ ಕುರ್ಚಿ.

ಇದನ್ನು ಪಾಳಿಗೆ ಇಳಿಸಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ಮಂದಿಯಿಂದ ವಾರಕ್ಕೆ ಸರಾಸರಿ ಸಿಗುವುದು ಸುಮಾರು 260 ಗಂಟೆ. ಬೆಳಿಗ್ಗೆ 8ರಿಂದ ರಾತ್ರಿ 10ರವರೆಗೆ ಇಬ್ಬರಂತೆ ಹಾಕಿದರೆ 196 ಗಂಟೆ ಖರ್ಚು. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಒಬ್ಬರಂತೆ ಹಾಕಿದರೆ ಇನ್ನೊಂದು 70 ಗಂಟೆ. ಒಟ್ಟು 266. ಅಂದರೆ ಹಗಲಿಗಿಬ್ಬರು, ರಾತ್ರಿಗೊಬ್ಬರು ಎಂಬ ಸಾಧಾರಣ ಏರ್ಪಾಡಿಗೇ ಹತ್ತು ಮಂದಿ ಸಾಲದೆ ಬರುತ್ತಾರೆ. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸಲು ಬೇಕಾದ ಅರ್ಧ ಗಂಟೆಯನ್ನು ಇಲ್ಲಿ ಸೇರಿಸಿಯೇ ಇಲ್ಲ. ಈಗ ಇಬ್ಬರು ಕೆಲಸ ಬಿಟ್ಟು ಹೋದರು ಎನ್ನಿ. ಉಳಿದ ಎಂಟು ಮಂದಿಯ ಬಳಿ 208 ಗಂಟೆ. ಹಗಲಿಗೆ 196 ಕೊಟ್ಟ ಮೇಲೆ ರಾತ್ರಿಗೆ ಉಳಿಯುವುದು ವಾರಕ್ಕೆ 12 ಗಂಟೆ, ಅಂದರೆ ಏಳು ರಾತ್ರಿಗಳಲ್ಲಿ ಒಂದೇ ರಾತ್ರಿ.

ಕಾಗದದ ಮೇಲೆ "ಶೇ 20 ಹುದ್ದೆ ಖಾಲಿ" ಎಂದು ಕಾಣುವುದು ವಿಭಾಗದೊಳಗೆ ಶೇ 20ರಷ್ಟು ಎಲ್ಲೆಡೆ ಸಮನಾಗಿ ಕಡಿಮೆಯಾಗುವುದಿಲ್ಲ. ಅದು ರಾತ್ರಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗುತ್ತದೆ. ಹಗಲನ್ನು ಯಾರೂ ಬರಿದಾಗಿಸುವುದಿಲ್ಲ, ಏಕೆಂದರೆ ಹಗಲಿನಲ್ಲಿ ಆಡಳಿತವೂ ನೋಡುತ್ತಿರುತ್ತದೆ.

ಹಿರಿಯರು ಎಂದರೆ ಯಾರು?

ಇದು ತರ್ಲೆ ಪ್ರಶ್ನೆಯಂತೆ ಕಂಡರೂ ಕೇಳಲೇಬೇಕಾದದ್ದು. ಮೂರನೇ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ ಮೊದಲ ವರ್ಷದವರಿಗೆ ಹಿರಿಯರೇ. ಸೀನಿಯರ್ ರೆಸಿಡೆಂಟ್ ಎಂಬ ಹುದ್ದೆಯ ಹೆಸರಿನಲ್ಲೇ ಹಿರಿತನವಿದೆ. ಎಲುಬು ತಜ್ಞರು ತಮ್ಮ ಕ್ಷೇತ್ರದಲ್ಲಿ 25 ವರ್ಷದ ಅನುಭವಿಗಳಾಗಿರಬಹುದು, ಆದರೆ ಮಗುವಿನ ಫಿಟ್ಸ್ ಎದುರಾದಾಗ ಅವರ ಹಿರಿತನ ಕೆಲಸಕ್ಕೆ ಬರುವುದಿಲ್ಲ. ಈ ಚರ್ಚೆಯಲ್ಲಿ ಹಿರಿಯ ವೈದ್ಯರೆಂದರೆ, ಬಂದ ರೋಗಿ ಯಾವ ಕಾಯಿಲೆಯವರೇ ಆಗಿರಲಿ, ಬೇರೆಯವರನ್ನು ಕೇಳದೆ ಅಂತಿಮ ನಿರ್ಧಾರ ತೆಗೆದುಕೊಂಡು ಅದರ ಹೊಣೆ ಹೊರಬಲ್ಲವರು, ತುರ್ತು ಚಿಕಿತ್ಸೆಯಲ್ಲೇ ತರಬೇತಿ ಪಡೆದ ಕನ್ಸಲ್ಟಂಟರು ಎಂದು ಇಟ್ಟುಕೊಳ್ಳೋಣ.

ಇಂಥವರು ಇರಬೇಕು ಎಂಬ ಯೋಚನೆಯೇ ಹೊಸದು. ಬಹುಕಾಲ ಈ ವಿಭಾಗವನ್ನು ಅನುಭವ ಕಡಿಮೆಯಿರುವ ವೈದ್ಯರು ಸರದಿಯ ಮೇಲೆ ನಡೆಸುತ್ತಿದ್ದರು. 1952ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೌರಿಸ್ ಎಲ್ಲಿಸ್ ಎಂಬ ವೈದ್ಯರು ಕ್ಯಾಶುವಲ್ಟಿಯ ಹೊಣೆ ಹೊತ್ತ ಕನ್ಸಲ್ಟಂಟರಾಗಿ ನೇಮಕಗೊಂಡದ್ದು ಬಹುಕಾಲ ಅಪವಾದವಾಗಿಯೇ ಉಳಿಯಿತು. 1962ರ ಪ್ಲಾಟ್ ವರದಿ ಎಂಬ ಸರಕಾರಿ ವರದಿ ಅಲ್ಲಿನ ಇಂಥ ವಿಭಾಗಗಳ ಉಸ್ತುವಾರಿಯನ್ನು ಶಸ್ತ್ರಚಿಕಿತ್ಸಕರಿಗೆ, ಮುಖ್ಯವಾಗಿ ಎಲುಬು ತಜ್ಞರಿಗೆ ವಹಿಸುವ ದಾರಿ ಹಿಡಿಯಿತು. ಅವರಿಗೆ ಅವರದೇ ಶಸ್ತ್ರಚಿಕಿತ್ಸೆಗಳಿದ್ದವು, ಅವರದೇ ವಾರ್ಡುಗಳಿದ್ದವು; ಉಸ್ತುವಾರಿ ಅನೇಕ ಕಡೆ ಹೆಸರಿಗಷ್ಟೇ ಉಳಿಯಿತು. ಅಮೆರಿಕದಲ್ಲಿ 1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಮತ್ತು ಅವರ ಮೂವರು ಜೊತೆಗಾರರು ತಮ್ಮ ಸ್ವಂತ ಪ್ರಾಕ್ಟೀಸ್ ಬಿಟ್ಟು ಆಸ್ಪತ್ರೆಯ ತುರ್ತು ವಿಭಾಗವನ್ನು ದಿನದ 24 ಗಂಟೆಯೂ ನೋಡಿಕೊಳ್ಳಲು ನಿಂತರು. 168ನ್ನು ನಾಲ್ಕರಿಂದ ಭಾಗಿಸಿದರೆ ತಲೆಗೆ ವಾರಕ್ಕೆ 42 ಗಂಟೆ, ರಜೆಯ ಮಾತಿಲ್ಲ! ಮುಂದೆ 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ರೆಸಿಡೆನ್ಸಿ, ಅಂದರೆ ತಜ್ಞರಾಗಲು ಆಸ್ಪತ್ರೆಯಲ್ಲೇ ಪಡೆಯುವ ತರಬೇತಿ, ಶುರುವಾಯಿತು, 1979ರಲ್ಲಿ ಅಮೆರಿಕದಲ್ಲಿ ಪ್ರತ್ಯೇಕ ವಿಶೇಷತೆಯ ಮನ್ನಣೆ ದೊರೆಯಿತು. ಭಾರತದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಇದನ್ನು ಎಂ.ಡಿ. ವಿಷಯವಾಗಿ ಒಪ್ಪಿದ್ದು 2009ರಲ್ಲಿ. ಹೃದ್ರೋಗ ಶಾಸ್ತ್ರಕ್ಕೋ ಶಸ್ತ್ರಚಿಕಿತ್ಸೆಗೋ ಹೋಲಿಸಿದರೆ ಇದು ನಿನ್ನೆ ಮೊನ್ನೆಯ ಮಾತು. ಎಲ್ಲೆಡೆ ತಜ್ಞರ ಕೊರತೆ ಇರುವುದಕ್ಕೆ ಇದೂ ಒಂದು ಕಾರಣ.

ಗೊತ್ತಿಲ್ಲವೆಂದು ಗೊತ್ತಿಲ್ಲದಿದ್ದಾಗ

ಹಿರಿಯರು ಇದ್ದರೆ ಏನು ವ್ಯತ್ಯಾಸ? ಹೃದಯ ನಿಂತು ಬಂದ ರೋಗಿಯ ಸುತ್ತ ಓಡಾಡುವ ದೃಶ್ಯವೇ ಎಲ್ಲರ ಕಣ್ಣ ಮುಂದೆ ಬರುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಹೃದಯ ನಿಂತಾಗ ಏನು ಮಾಡಬೇಕೆಂಬುದಕ್ಕೆ ಹೆಜ್ಜೆ ಹೆಜ್ಜೆಯ ಕ್ರಮವಿದೆ, ಕಿರಿಯರೂ ಅದನ್ನು ಬಾಯಿಪಾಠ ಮಾಡಿರುತ್ತಾರೆ, ಮೇಲಾಗಿ ಇಡೀ ವಿಭಾಗವೇ ಅಲ್ಲಿ ನೆರೆದಿರುತ್ತದೆ. ಹಿರಿತನ ನಿಜವಾಗಿ ಬೇಕಾಗುವುದು ಮೂಲೆಯ ಹಾಸಿಗೆಯಲ್ಲಿ, ಯಾರ ಗಮನವೂ ಇಲ್ಲದ, "ಅಷ್ಟೇನೂ ಇಲ್ಲ" ಎಂದು ತೋರುವ ರೋಗಿಯ ಬಳಿ.

ಎಪ್ಪತ್ತು ದಾಟಿದ ಒಬ್ಬರು ಸೊಂಟದ ಎಡಪಕ್ಕೆ ನೋವು ಎಂದು ಬರುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ಸ್ವಲ್ಪ ರಕ್ತ ಕಾಣುತ್ತದೆ. ಪಠ್ಯ ಓದಿದ ಯಾರಿಗಾದರೂ ಹೊಳೆಯುವುದು ಮೂತ್ರಪಿಂಡದ ಕಲ್ಲು. ನೋವಿನ ಇಂಜೆಕ್ಷನ್ ಕೊಟ್ಟರೆ ನೋವು ತಗ್ಗುತ್ತದೆ, ರೋಗಿಗೂ ಮನೆಗೆ ಹೋಗುವ ಆತುರ, ಹಾಸಿಗೆಗಾಗಿ ಹೊರಗೆ ಹತ್ತು ಜನ ಕಾಯುತ್ತಿದ್ದಾರೆ. ಕಿರಿಯ ವೈದ್ಯರು ಚೀಟಿ ಬರೆದು ಕಳಿಸಿಬಿಡುತ್ತಾರೆ. ಅವರದು ನಿರ್ಲಕ್ಷ್ಯವಲ್ಲ, ಇದ್ದ ಎಲ್ಲ ಸುಳಿವುಗಳೂ ಅವರ ಊಹೆಗೆ ಹೊಂದಿಕೊಂಡಿವೆ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಹಿರಿಯರಾಗಿದ್ದರೆ ಒಂದೇ ಮಾತು ಕೇಳುತ್ತಿದ್ದರು: "ಈ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ಕಲ್ಲೇ?" ಹೊಟ್ಟೆಯ ಮಹಾಪಧಮನಿ ಬಲೂನಿನಂತೆ ಉಬ್ಬಿ ಸೋರತೊಡಗಿದಾಗಲೂ ನೋವು ಅದೇ ಪಕ್ಕೆಯಲ್ಲಿ ಬರುತ್ತದೆ, ಮೂತ್ರದಲ್ಲಿ ರಕ್ತವೂ ಕಾಣಬಹುದು. ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಹಿಡಿದು ನೋಡಲು ಕೆಲವು ನಿಮಿಷ ಸಾಕು. ನೋಡದಿದ್ದರೆ ಆ ರಕ್ತನಾಳ ಮನೆಯಲ್ಲಿ ಒಡೆಯುತ್ತದೆ.

ಕಿರಿಯರಿಗೆ ಸಂಶಯ ಬಂದಿದ್ದರೆ ಕೇಳುತ್ತಿದ್ದರು. ಸಂಶಯವೇ ಬರದಿದ್ದಾಗ ಏನನ್ನು ಕೇಳುವುದು? ನನಗೆ ಇಡೀ ವಿಷಯದ ತಿರುಳು ಇಲ್ಲಿದೆ ಎನ್ನಿಸುತ್ತದೆ. "ಅಗತ್ಯವಿದ್ದರೆ ಹಿರಿಯರನ್ನು ಕರೆಯಿರಿ" ಎಂಬ ವ್ಯವಸ್ಥೆಯು ಅಗತ್ಯವನ್ನು ಗುರುತಿಸುವ ಹೊಣೆಯನ್ನು ಅನುಭವ ಅತಿ ಕಡಿಮೆ ಇರುವವರ ಹೆಗಲಿಗೇ ಹೊರಿಸುತ್ತದೆ.

ಇದನ್ನು ಅರಿತೇ ಬ್ರಿಟನ್ನಿನ ತುರ್ತು ಚಿಕಿತ್ಸಾ ತಜ್ಞರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಒಂದು ಸರಳ ಉಪಾಯ ಮಾಡಿತು. ಕಿರಿಯರ ಸಂಶಯಕ್ಕೆ ಕಾಯದೆ, ಕೆಲವು ಬಗೆಯ ರೋಗಿಗಳನ್ನು ಮನೆಗೆ ಕಳಿಸುವ ಮುನ್ನ ಹಿರಿಯರು ನೋಡಲೇಬೇಕು ಎಂದು ಹೇಳಿತು: ಪೆಟ್ಟಿಲ್ಲದೆ ಎದೆನೋವು ಬಂದ 30 ವರ್ಷ ಮತ್ತು ಮೇಲ್ಪಟ್ಟವರು, ಜ್ವರ ಬಂದ ಒಂದು ವರ್ಷದೊಳಗಿನ ಮಕ್ಕಳು, ಅದೇ ತೊಂದರೆಗಾಗಿ 72 ಗಂಟೆಯೊಳಗೆ ಮತ್ತೆ ಬಂದವರು, ಹೊಟ್ಟೆನೋವಿನ 70 ವರ್ಷ ಮತ್ತು ಮೇಲ್ಪಟ್ಟವರು. ಈ ನಾಲ್ಕು ಗುಂಪುಗಳನ್ನು ಸುಮ್ಮನೆ ಆರಿಸಿದ್ದಲ್ಲ. ಮೊದಲ ಇಸಿಜಿ ಸಹಜವಾಗಿದ್ದರೂ ಹೃದಯಾಘಾತ ಇರಬಹುದು. ಹಸುಗೂಸು ತನ್ನ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದವರ ಹೊಟ್ಟೆ ಒಳಗೆ ಕರುಳು ಕೊಳೆಯುತ್ತಿದ್ದರೂ ಕೈಗೆ ಮೆತ್ತಗೇ ಸಿಗಬಹುದು. ಮರಳಿ ಬಂದವರು ಮೊದಲ ಸಲದ ನಿರ್ಧಾರ ತಪ್ಪಿರಬಹುದು ಎನ್ನುವುದಕ್ಕೆ ಜೀವಂತ ಸಾಕ್ಷಿ. ನಾಲ್ಕರಲ್ಲೂ ಹೊರನೋಟ ಮೋಸ ಮಾಡುತ್ತದೆ.

ಹಿರಿಯರ ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ: ಏನನ್ನು ಮಾಡಬಾರದು ಎಂದು ಹೇಳುವುದು. ಈ ಸ್ಕ್ಯಾನ್ ಬೇಡ, ಇವರನ್ನು ದಾಖಲಿಸುವ ಅಗತ್ಯವಿಲ್ಲ, ಇನ್ನೊಂದು ವಿಭಾಗದವರು ಬಂದು ನೋಡುವವರೆಗೆ ಕಾಯಬೇಕಿಲ್ಲ. ಅನುಭವ ಕಡಿಮೆಯಿದ್ದಾಗ ಧೈರ್ಯ ಸಾಲದೆ ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆಯುವುದು ಸಹಜ. ಒಬ್ಬೊಬ್ಬರ ಹಿಂದೆ ಎರಡು ಮೂರು ಗಂಟೆ ಹೀಗೆ ಹೋದರೆ ಹಾಸಿಗೆ ಖಾಲಿಯಾಗುವುದು ತಡವಾಗುತ್ತದೆ.

ಮಧ್ಯರಾತ್ರಿಯ ಫೋನ್

ಹಿರಿಯರು ಮನೆಯಲ್ಲಿ ಆನ್-ಕಾಲ್ (ಕರೆದರೆ ಬರುವ ಸರದಿಯಲ್ಲಿ) ಇದ್ದಾರೆ ಎಂಬುದನ್ನು ಅನೇಕ ಕಡೆ ಹಾಜರಿಗೆ ಸಮಾನವೆಂದೇ ಲೆಕ್ಕ ಹಾಕುತ್ತಾರೆ. ಅದು ಹೇಗೆ ನಡೆಯುತ್ತದೆ ನೋಡಿ. ಮೂರು ಗಂಟೆಗೆ ಕಿರಿಯ ವೈದ್ಯೆಯೊಬ್ಬರು ಫೋನ್ ಕೈಯಲ್ಲಿ ಹಿಡಿದು ಯೋಚಿಸುತ್ತಾರೆ. ಕಳೆದ ವಾರ ಎಬ್ಬಿಸಿದಾಗ "ಇಷ್ಟಕ್ಕೆ ಫೋನ್ ಮಾಡಬೇಕಿತ್ತೇ?" ಎಂದು ಕೇಳಿದ್ದರು. ಬೆಳಿಗ್ಗೆ ಅವರಿಗೆ ಪಾಳಿ ಇದೆ. ರೋಗಿ ಈಗ ಸ್ವಲ್ಪ ಪರವಾಗಿಲ್ಲ. ಅರ್ಧ ಗಂಟೆ ನೋಡೋಣ. ಹೀಗೆ ಹೋದ ಅರ್ಧ ಗಂಟೆಗಳಿಗೆ ಯಾವ ಕಡತದಲ್ಲೂ ದಾಖಲೆಯಿಲ್ಲ. ಫೋನ್ ಎತ್ತಿಕೊಂಡ ಹಿರಿಯರೂ ಕೇಳುವುದು ಕಿರಿಯರು ಗಮನಿಸಿದ್ದನ್ನಷ್ಟೇ. ಅವರು ಗಮನಿಸದೆ ಬಿಟ್ಟದ್ದು ಫೋನಿನಲ್ಲಿ ಕೇಳಿಸುವುದಿಲ್ಲ.

1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಝಯಾನ್ ಎಂಬ 18 ವರ್ಷದ ವಿದ್ಯಾರ್ಥಿನಿ ಆಸ್ಪತ್ರೆಗೆ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ರಾತ್ರಿ ಅವರನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ವೈದ್ಯರು. ಹಿರಿಯರ ಸಲಹೆ ಫೋನಿನ ಮೂಲಕ ಸಿಕ್ಕಿತ್ತು. ಈ ಪ್ರಕರಣದ ಬಳಿಕ 1989ರಲ್ಲಿ ನ್ಯೂಯಾರ್ಕ್ ರಾಜ್ಯ ತರಬೇತಿಯಲ್ಲಿರುವ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಜಗತ್ತಿಗೆಲ್ಲ ನೆನಪಿರುವುದು ಈ 80 ಗಂಟೆಯೇ. ಆದರೆ ಆ ನಿಯಮಗಳನ್ನು ರೂಪಿಸಿದ ಆಯೋಗದ ಮುಖ್ಯಸ್ಥ ಬರ್ಟ್ರಾಂಡ್ ಬೆಲ್ ಅವರು, ಗಂಟೆಗಳ ಮಿತಿಗಿಂತ ಹಿರಿಯರ ಮೇಲ್ವಿಚಾರಣೆಯೇ ಮುಖ್ಯ ಎಂದು ಮುಂದೆ ವಾದಿಸಿದರು. ಗಂಟೆಗಳನ್ನು ಎಣಿಸುವುದು ಸುಲಭ, ಮೇಲ್ವಿಚಾರಣೆಯನ್ನು ಅಳೆಯುವುದು ಕಷ್ಟ. ಹಾಗಾಗಿ ಎಣಿಸಲು ಬರುವ ನಿಯಮ ಪ್ರಸಿದ್ಧವಾಯಿತು, ಅಳೆಯಲು ಬಾರದ್ದು ಹಿಂದೆ ಉಳಿಯಿತು.

ಸಾಲು ಬೆಳೆಯುವ ಬಗೆ

ತುರ್ತು ವಿಭಾಗಕ್ಕೆ ಯಾವಾಗ ಯಾರು ಬರುತ್ತಾರೆಂದು ಹೇಳಲಾಗದು ಎಂಬ ಮಾತಿದೆ. ಯಾರು ಎಂಬುದನ್ನು ಹೇಳಲಾಗದು ನಿಜ. ಎಷ್ಟು ಜನ ಎಂಬುದನ್ನು ಸಾಕಷ್ಟು ಚೆನ್ನಾಗಿಯೇ ಹೇಳಬಹುದು. ನಸುಕಿನಲ್ಲಿ ತೀರಾ ಕಡಿಮೆ, ಬೆಳಿಗ್ಗೆ ಒಂಬತ್ತರಿಂದ ಸರಸರನೆ ಏರಿಕೆ, ಮಧ್ಯಾಹ್ನ ಸಂಜೆಯೆಲ್ಲ ಭರ್ತಿ, ಹತ್ತು ಹನ್ನೊಂದರ ಮೇಲೆ ನಿಧಾನ ಇಳಿಕೆ. ಬಹುತೇಕ ವಿಭಾಗಗಳಲ್ಲಿ ಇದೇ ಆಕಾರ.

ಕಣ್ಣಿಗೆ ಬೀಳದ ಸಂಗತಿ ಏನೆಂದರೆ, ಬರುವವರ ಸಂಖ್ಯೆ ಇಳಿದ ಕೂಡಲೇ ಒಳಗಿರುವವರ ಸಂಖ್ಯೆ ಇಳಿಯುವುದಿಲ್ಲ. ಸಂಜೆ ಏಳಕ್ಕೆ ಬಂದವರು ಹನ್ನೊಂದಕ್ಕೂ ಅಲ್ಲೇ ಇರುತ್ತಾರೆ. ಜಾನ್ ಲಿಟಲ್ ಎಂಬ ಗಣಿತಜ್ಞರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದಿದೆ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಇರುವ ಅವಧಿಯಿಂದ ಗುಣಿಸಿದ್ದು. ಗಂಟೆಗೆ 10 ಜನ ಬಂದು ತಲಾ 4 ಗಂಟೆ ಇದ್ದರೆ ಒಳಗೆ 40 ಜನ. ನಿರ್ಧಾರ ತಡವಾಗಿ ಆ ಅವಧಿ 6 ಗಂಟೆಯಾದರೆ 60 ಜನ, ಬರುವವರು ಒಬ್ಬರೂ ಹೆಚ್ಚಾಗದೆ! ಹಿರಿಯರು ಸಂಜೆ ಆರಕ್ಕೆ ಮನೆಗೆ ಹೋಗುವ ಆಸ್ಪತ್ರೆಯಲ್ಲಿ ಅವರು ಹೊರಡುವುದು ಜನ ಏರುತ್ತಿರುವಾಗ. ಸಾಲು ತುತ್ತತುದಿ ಮುಟ್ಟುವುದು ಅವರು ಹೋದ ಮೇಲೆ. ಬೆಳಿಗ್ಗೆ ಎಂಟಕ್ಕೆ ವಿಭಾಗ ಖಾಲಿ ಇರುವಾಗ ಮೂವರು ಹಿರಿಯರು ನಿಂತಿದ್ದರೆ ಅದು ಕಚೇರಿಯ ಗಡಿಯಾರಕ್ಕೆ ಹೊಂದಿಸಿದ ಪಾಳಿ.

ಸಾಲಿನ ಗಣಿತದಲ್ಲಿ ಇನ್ನೊಂದು ಕಹಿ ಸತ್ಯವಿದೆ. ಒಬ್ಬರೇ ಸೇವೆ ಕೊಡುವ, ಗಿರಾಕಿಗಳು ಹೊತ್ತುಗೊತ್ತಿಲ್ಲದೆ ಬರುವ ಸರಳ ಮಾದರಿಯನ್ನು ತೆಗೆದುಕೊಳ್ಳಿ. ಆ ಒಬ್ಬರು ಶೇ 80ರಷ್ಟು ಹೊತ್ತು ಕೆಲಸದಲ್ಲಿ ಮುಳುಗಿದ್ದರೆ, ಬಂದವರು ಸರಾಸರಿ ನಾಲ್ಕು ಜನರ ಸೇವೆಗೆ ಬೇಕಾಗುವಷ್ಟು ಹೊತ್ತು ಕಾಯಬೇಕು. ಶೇ 90 ಆದರೆ ಒಂಬತ್ತು ಜನರಷ್ಟು. ಶೇ 95 ಆದರೆ 19 ಜನರಷ್ಟು. ಕೊನೆಯ ಐದು ಅಂಶ ಹಿಂಡಿದ್ದಕ್ಕೆ ಕಾಯುವಿಕೆ ಎರಡು ಪಟ್ಟು ದಾಟಿತು. "ಹಿರಿಯ ವೈದ್ಯರು ಕೆಲವೊಮ್ಮೆ ಸುಮ್ಮನೆ ನಿಂತಿರುತ್ತಾರೆ" ಎಂದು ಆಡಳಿತ ದೂರುವುದು ಇದೇ ಬಿಡುವಿನ ಬಗ್ಗೆ. ತುರ್ತು ಸೇವೆಯಲ್ಲಿ ಆ ಬಿಡುವೇ ದಾಸ್ತಾನು. ಅಗ್ನಿಶಾಮಕ ದಳದವರು ದಿನವಿಡೀ ಬೆಂಕಿ ಆರಿಸುತ್ತಲೇ ಇರಬೇಕು ಎಂದು ಯಾರೂ ಕೇಳುವುದಿಲ್ಲವಷ್ಟೆ.

ಇಡೀ ವಿಭಾಗಕ್ಕೆ ಒಬ್ಬರೇ ಹಿರಿಯರಿದ್ದರೆ ಊರಿಗೊಬ್ಬಳೇ ಪದ್ಮಾವತಿಯ ಕಥೆ. ಒಬ್ಬರು ಇಸಿಜಿ ತೋರಿಸುತ್ತಾರೆ, ಇನ್ನೊಬ್ಬರು ಸಹಿ ಕೇಳುತ್ತಾರೆ, ಆಂಬುಲೆನ್ಸಿನವರು ಎಲ್ಲಿ ಇಳಿಸಬೇಕು ಎನ್ನುತ್ತಾರೆ, ನರ್ಸ್ ಬಂದು ಮೂರನೇ ಹಾಸಿಗೆಯವರ ಬಿಪಿ ಇಳಿಯುತ್ತಿದೆ ಎನ್ನುತ್ತಾರೆ. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತುರ್ತು ವೈದ್ಯರ ಕೆಲಸಕ್ಕೆ ಮೂರು ಗಂಟೆಯಲ್ಲಿ ಸರಾಸರಿ 31 ಸಲ ಅಡ್ಡಿ ಬಂದಿತ್ತು. ಹೆಚ್ಚುಕಡಿಮೆ ಆರು ನಿಮಿಷಕ್ಕೊಮ್ಮೆ. ಪಕ್ಕೆನೋವಿನ ವೃದ್ಧರ ಬಳಿ ನಿಂತು "ಮೊದಲ ಸಲ ಕಲ್ಲೇ?" ಎಂದು ಕೇಳುವ ವ್ಯವಧಾನ ಇದರ ನಡುವೆ ಎಲ್ಲಿಂದ ಬರಬೇಕು? ಹಾಜರಿ ಪುಸ್ತಕದಲ್ಲಿ ಹಿರಿಯರು ಇದ್ದಾರೆ, ಆ ರೋಗಿಯ ಪಾಲಿಗೆ ಇಲ್ಲ.

ಹಾಗಾದರೆ ಎಷ್ಟಿರಬೇಕು? ಮೇಲೆ ಹೇಳಿದ ಬ್ರಿಟಿಷ್ ಸಂಸ್ಥೆ ವರ್ಷಕ್ಕೆ 3,600ರಿಂದ 4,000 ರೋಗಿಗಳಿಗೆ ಒಬ್ಬ ಪೂರ್ಣಾವಧಿ ಕನ್ಸಲ್ಟಂಟ್ ಎಂಬ ಅಳತೆ ಕೊಟ್ಟಿದೆ. ವರ್ಷಕ್ಕೆ 80,000 ಮಂದಿ ಬರುವ ವಿಭಾಗಕ್ಕೆ 20ರಿಂದ 22 ಮಂದಿ ಎಂದಾಯಿತು. ಹೋಲಿಕೆಗೆ ಇದು ಒಳ್ಳೆಯ ಅಳತೆಗೋಲು. ಆದರೆ ಎಲ್ಲೆಡೆ ಕಣ್ಣುಮುಚ್ಚಿ ಅನ್ವಯಿಸುವ ಹಾಗಿಲ್ಲ. ನೆಗಡಿ ಜ್ವರದವರೇ ಹೆಚ್ಚು ಬರುವ ಕಡೆಗೂ ಅಪಘಾತದ ಗಾಯಾಳುಗಳೇ ಬರುವ ಕಡೆಗೂ ಒಂದೇ ಅನುಪಾತ ಹೊಂದುವುದಿಲ್ಲ. ಅತಿ ಚಿಕ್ಕ ವಿಭಾಗಗಳಲ್ಲಂತೂ ರೋಗಿಗಳ ಸಂಖ್ಯೆ ಎಷ್ಟೇ ಕಡಿಮೆ ಇರಲಿ, ಒಂದು ಕುರ್ಚಿಗೆ ಆರೂವರೆ ಜನ ಎಂಬ ಲೆಕ್ಕ ಬದಲಾಗುವುದಿಲ್ಲ.

ಹಿರಿಯರಿಂದಲೂ ಆಗದ್ದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ತುರ್ತು ವಿಭಾಗದ ಎಲ್ಲ ರೋಗಕ್ಕೂ ಹಿರಿಯ ವೈದ್ಯರೇ ಮದ್ದಲ್ಲ. ರೋಗಿಯನ್ನು ದಾಖಲಿಸಬೇಕು ಎಂದು ಹಿರಿಯರು ಹತ್ತೇ ನಿಮಿಷದಲ್ಲಿ ನಿರ್ಧರಿಸಿದರೂ ವಾರ್ಡಿನಲ್ಲಿ ಹಾಸಿಗೆ ಖಾಲಿ ಇಲ್ಲದಿದ್ದರೆ ರೋಗಿ ಅಲ್ಲೇ ಸ್ಟ್ರೆಚರಿನ ಮೇಲೆ ಉಳಿಯುತ್ತಾರೆ. ಹೊರಗೆ ಹೋಗುವ ದಾರಿ ಕಟ್ಟಿದ್ದಾಗ ಒಳಗೆ ಎಷ್ಟು ಮಂದಿ ತಜ್ಞರನ್ನು ನಿಲ್ಲಿಸಿದರೂ ಅವರು ಕಾರಿಡಾರಿನಲ್ಲಿ ಮಲಗಿದವರ ಆರೈಕೆ ಮಾಡುವ ದುಬಾರಿ ದಾದಿಯರಾಗುತ್ತಾರೆ. ಇದು ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಾಖಲಾಗಬೇಕಾದವರು ಬಂದ ಮೇಲೆ 6ರಿಂದ 8 ಗಂಟೆ ತುರ್ತು ವಿಭಾಗದಲ್ಲೇ ಉಳಿದರೆ, ಅಂಥ ಪ್ರತಿ 82 ಮಂದಿಗೆ 30 ದಿನಗಳೊಳಗೆ ಒಂದು ಹೆಚ್ಚುವರಿ ಸಾವು ಸಂಭವಿಸುತ್ತದೆ.

ಆದ್ದರಿಂದ ಎರಡು ಕಾಯುವಿಕೆಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಬಂದಾಗಿನಿಂದ ನಿರ್ಧಾರವಾಗುವವರೆಗಿನ ಹೊತ್ತು ಬೆಳೆಯುತ್ತಿದ್ದರೆ ವೈದ್ಯರ, ಅದರಲ್ಲೂ ಹಿರಿಯರ, ಕೊರತೆಯನ್ನು ಶಂಕಿಸಬಹುದು. ನಿರ್ಧಾರದಿಂದ ವಾರ್ಡು ಸೇರುವವರೆಗಿನ ಹೊತ್ತು ಬೆಳೆಯುತ್ತಿದ್ದರೆ ಕೊರತೆ ಇರುವುದು ಹಾಸಿಗೆಗಳದ್ದು. ಎರಡನ್ನೂ ಕಲಸಿ "ಸರಾಸರಿ ಇಷ್ಟು ಗಂಟೆ" ಎಂದು ಕೊಡುವ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ, ಕೊಟ್ಟವರನ್ನು ಬಿಟ್ಟು.

ಗುರಿಗಳೂ ದಾರಿ ತಪ್ಪಿಸುತ್ತವೆ. ಇಂಗ್ಲೆಂಡಿನಲ್ಲಿ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ವಿಲೇವಾರಿ, ಅಂದರೆ ದಾಖಲಾತಿಯೋ ಬಿಡುಗಡೆಯೋ, ನಾಲ್ಕು ಗಂಟೆಯೊಳಗೆ ಆಗಬೇಕೆಂಬ ಗುರಿ ಇತ್ತು. ಸ್ಟ್ಯಾಫರ್ಡ್ ಆಸ್ಪತ್ರೆಯ ಬಗ್ಗೆ 2009ರಲ್ಲಿ ಅಲ್ಲಿನ ಆರೋಗ್ಯ ಸೇವೆಯ ಗುಣಮಟ್ಟ ನೋಡುತ್ತಿದ್ದ ಹೆಲ್ತ್‌ಕೇರ್ ಕಮಿಷನ್ ಕೊಟ್ಟ ವರದಿ ಓದಿದರೆ ಆ ಗುರಿಯ ಇನ್ನೊಂದು ಮುಖ ಕಾಣುತ್ತದೆ. ತುರ್ತು ವಿಭಾಗದಲ್ಲಿ ವೈದ್ಯರೂ ದಾದಿಯರೂ ಸಾಕಷ್ಟಿರಲಿಲ್ಲ. ಬಂದ ರೋಗಿಗಳಲ್ಲಿ ಯಾರು ಗಂಭೀರ ಎಂಬ ಮೊದಲ ಅಂದಾಜನ್ನು ವೈದ್ಯಕೀಯ ತರಬೇತಿಯೇ ಇಲ್ಲದ ಸ್ವಾಗತಕಾರರು ಮಾಡುತ್ತಿದ್ದರು. ನಾಲ್ಕು ಗಂಟೆ ಮೀರಿಹೋಗುತ್ತದೆಂಬ ಭಯಕ್ಕೆ ಗಂಭೀರ ರೋಗಿಗಳ ಬಳಿಯಿದ್ದ ವೈದ್ಯರನ್ನು ಸಣ್ಣಪುಟ್ಟ ತೊಂದರೆಯವರತ್ತ ಎಳೆಯುತ್ತಿದ್ದರು. 2011ರ ಡಿಸೆಂಬರಿನಲ್ಲಿ ಸಿಬ್ಬಂದಿ ಸಾಲದೆ ಅದೇ ವಿಭಾಗ ರಾತ್ರಿ ಹೊತ್ತು ಬಾಗಿಲು ಹಾಕಿತು. ಅದನ್ನು ನಾಚಿಕೆಗೇಡೆಂದು ಕರೆದವರುಂಟು. ತೆರೆದಿರುವಂತೆ ನಟಿಸುವುದಕ್ಕಿಂತ ಮುಚ್ಚಿದೆ ಎಂದು ಹೇಳುವುದು ಲೇಸು ಎಂದು ನನಗನ್ನಿಸುತ್ತದೆ. ಆಂಬುಲೆನ್ಸಿನವರಿಗೆ ಬೇರೆ ದಾರಿಯಾದರೂ ಗೊತ್ತಾಗುತ್ತದೆ.

ಹಾಗಾದರೆ ಬೇಕಾದಷ್ಟು ಜನರನ್ನು ನೇಮಿಸಿಕೊಳ್ಳಬಹುದಲ್ಲ? ಹಣವಿದ್ದರೂ ಒಡನೆ ಆಗದು. ಎಂ.ಬಿ.ಬಿ.ಎಸ್. ಸೇರಿದ ವಿದ್ಯಾರ್ಥಿ ಸ್ವತಂತ್ರವಾಗಿ ತುರ್ತು ವಿಭಾಗ ನಡೆಸುವ ಹಂತಕ್ಕೆ ಬರಲು ಸುಮಾರು ಹತ್ತು ವರ್ಷ ಬೇಕು. ಹಾಗೆ ಬಂದವರು ಐವತ್ತು ದಾಟಿದ ಮೇಲೂ ವಾರಕ್ಕೆರಡು ರಾತ್ರಿ ನಿದ್ದೆಗೆಡಬೇಕೆಂದರೆ ಬೇರೆ ಕೆಲಸ ಹುಡುಕುತ್ತಾರೆ. ಒಬ್ಬರು ಹೋದರೆ ಉಳಿದವರಿಗೆ ರಾತ್ರಿ ಪಾಳಿ ಹೆಚ್ಚುತ್ತದೆ, ಹೆಚ್ಚಿದಷ್ಟೂ ಇನ್ನೊಬ್ಬರು ಹೋಗುತ್ತಾರೆ. ನಡುವೆ ತೇಪೆ ಹಾಕಲು ದಿನಗೂಲಿಯ ಲೆಕ್ಕದಲ್ಲಿ ಬರುವ ತಾತ್ಕಾಲಿಕ ವೈದ್ಯರನ್ನು ತರುತ್ತಾರೆ. ಅವರಲ್ಲಿ ನುರಿತವರೂ ಇರುತ್ತಾರೆ. ಆದರೆ ಇಲ್ಲಿನ ಅಲ್ಟ್ರಾಸೌಂಡ್ ಯಂತ್ರ ಎಲ್ಲಿದೆ, ರಕ್ತನಿಧಿಗೆ ಯಾರ ಮೂಲಕ ಹೇಳಿಸಿದರೆ ಬೇಗ ಆಗುತ್ತದೆ, ಯಾವ ಕಿರಿಯರ ಮಾತನ್ನು ಎಷ್ಟು ನಂಬಬಹುದು ಎಂಬುದು ಮೊದಲ ದಿನ ಬಂದವರಿಗೆ ತಿಳಿದಿರುವುದಿಲ್ಲ.

ಇರುವವರನ್ನೇ ಸರಿಯಾಗಿ ಹಂಚುವುದು ಮಾತ್ರ ನಾಳೆಯಿಂದಲೇ ಸಾಧ್ಯ. ಬೆಳಗಿನ ಮೂವರಲ್ಲಿ ಒಬ್ಬರನ್ನು ಮಧ್ಯಾಹ್ನ ಮೂರರಿಂದ ಮಧ್ಯರಾತ್ರಿಯವರೆಗಿನ ಪಾಳಿಗೆ ಹಾಕಬಹುದು. ಜನ ಹೆಚ್ಚಿರುವ ಹೊತ್ತಿನಲ್ಲಿ ಒಬ್ಬ ಹಿರಿಯರು ಬಾಗಿಲ ಬಳಿಯೇ ನಿಂತು ಬಂದವರನ್ನು ನೋಡಿ ನಿರ್ಧಾರ ಶುರು ಮಾಡಬಹುದು. ಹೀಗೆ ಮಾಡಿದ ಕಡೆ ಕಾಯುವ ಹೊತ್ತು ತಗ್ಗಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಎರಡು ಗಂಟೆಗೊಮ್ಮೆ ಹಿರಿಯರು ಎಲ್ಲ ಹಾಸಿಗೆಗಳ ಸುತ್ತ ಒಂದು ಬಾರಿ ನಡೆದು ಬರುವ ರೂಢಿ ಹಾಕಬಹುದು. ಸಂಶಯ ಬರದ ಕಿರಿಯರಿಗೂ ಆಗ ಹಿರಿಯರ ಕಣ್ಣು ಸಿಗುತ್ತದೆ. ಕಾಗದಪತ್ರದ ಕೆಲಸವನ್ನು ಗುಮಾಸ್ತರಿಗೆ ಕೊಟ್ಟರೆ ಆ 10 ಗಂಟೆಯಲ್ಲಿ ಒಂದೆರಡಾದರೂ ಉಳಿಯುತ್ತದೆ.

ಆಸ್ಪತ್ರೆಯೊಂದರ ಸ್ಥಿತಿ ತಿಳಿಯಬಯಸುವ ಪತ್ರಕರ್ತರೋ ಸಲಹಾ ಸಮಿತಿಯವರೋ ಏನು ಕೇಳಬೇಕು? ಮಂಜೂರಾದ ಹುದ್ದೆ ಎಷ್ಟು ಎಂಬುದರಿಂದ ಶುರು ಮಾಡಬಹುದು, ಅಲ್ಲಿಗೆ ನಿಲ್ಲಿಸಬಾರದು. ಗಂಟೆವಾರು ಎಷ್ಟು ರೋಗಿಗಳು ಬಂದರು, ಅದೇ ಗಂಟೆಗಳಲ್ಲಿ ಎಷ್ಟು ಮಂದಿ ಹಿರಿಯರು ಒಳಗಿದ್ದರು ಎಂಬ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು ತೋರಿಸಲು ಹೇಳಬೇಕು. 72 ಗಂಟೆಯೊಳಗೆ ಮರಳಿ ಬಂದವರು ಎಷ್ಟು, ಅವರಲ್ಲಿ ಎಷ್ಟು ಮಂದಿಯನ್ನು ಹಿರಿಯರು ನೋಡಿದರು ಎಂದು ಕೇಳಬೇಕು. ವೈದ್ಯರು ನೋಡುವ ಮೊದಲೇ ಬೇಸತ್ತು ಎದ್ದುಹೋದವರ ಸಂಖ್ಯೆಯನ್ನೂ ಕೇಳಬೇಕು. ಪಾಳಿಪಟ್ಟಿ ಕೇಳುವಾಗ ತಿಂಗಳ ಮೊದಲು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದನ್ನು ಪಕ್ಕಕ್ಕಿಟ್ಟು, ತಿಂಗಳು ಮುಗಿದ ಮೇಲಿನ ಹಾಜರಿಯನ್ನು ಕೇಳುವುದು ಒಳ್ಳೆಯದು. ರಜೆ, ಅದಲುಬದಲು, ಖಾಲಿ ಬಿಟ್ಟ ಪಾಳಿ ಎಲ್ಲ ಕಾಣುವುದು ಅದರಲ್ಲಿ. ಪುಟ ತಿರುಗಿಸಿ ಭಾನುವಾರದ ರಾತ್ರಿಗಳನ್ನು ಮೊದಲು ನೋಡಿ.